ಅಪಘಾತದ ಕೇಸು ಶುರುವಾಗುವುದು ಕ್ಯಾಶುವಾಲ್ಟಿಯಲ್ಲಿ



ಬಿಪಿ, ಶುಗರ್, ಕೊಲೆಸ್ಟರಾಲ್ ಬಗ್ಗೆ ಬರೆಯುವ ಹೃದಯದ ಡಾಕ್ಟರಿಗೆ ಕೋರ್ಟು ಕಚೇರಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಪುಣೆಯ ನನ್ನ ಓಪಿಡಿಗೆ ವರ್ಷದಲ್ಲಿ ನಾಲ್ಕಾರು ಸಲ ಒಂದೇ ಥರದ ಕೋರಿಕೆ ಬರುತ್ತದೆ, ಅದಕ್ಕೇ ಈ ಲೇಖನ. ಮಗನೋ ಅಳಿಯನೋ ಒಂದು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಬರುತ್ತಾರೆ. "ಡಾಕ್ಟ್ರೇ, ಅಪ್ಪಂಗೆ ಆಕ್ಸಿಡೆಂಟ್ ಆಗಿ ಇಪ್ಪತ್ತು ದಿನಕ್ಕೆ ಹೋದ್ರು. ಇನ್ಶೂರೆನ್ಸ್‌ನವರು ಅದು ಹಾರ್ಟ್ ಅಟ್ಯಾಕು, ಆಕ್ಸಿಡೆಂಟಿಗೂ ಅದಕ್ಕೂ ಸಂಬಂಧ ಇಲ್ಲ ಅಂತಿದಾರೆ. ನೀವೊಂದು ಲೆಟರ್ ಕೊಡಿ."

ನಾನು ಫೈಲ್ ಬಿಚ್ಚುತ್ತೇನೆ. ಮೊದಲ ಆಸ್ಪತ್ರೆಯ ಚೀಟಿಯಲ್ಲಿ ಅಪಘಾತ ಎಂಬ ಮಾತೇ ಇರುವುದಿಲ್ಲ. "ಎದೆನೋವು, ಎಡಗಾಲು ಊತ" ಅಷ್ಟೇ. ಇಸಿಜಿ ತೆಗೆದಿರುವುದಿಲ್ಲ. ಕೆಲವು ಚೀಟಿಗಳಲ್ಲಿ "ಮನೆಯಲ್ಲಿ ಜಾರಿ ಬಿದ್ದದ್ದು" ಎಂದೇ ಇರುತ್ತದೆ. ಏಕೆಂದರೆ ಪೊಲೀಸ್ ಗೋಜು ಬೇಡ ಎಂದು ಮನೆಯವರೇ ಹಾಗೆ ಹೇಳಿರುತ್ತಾರೆ. ಮೂರು ತಿಂಗಳ ಮೇಲೆ ನಾನು ಎಂಥ ಲೆಟರ್ ಕೊಟ್ಟರೂ ಆ ಮೊದಲ ಚೀಟಿಯ ಮುಂದೆ ಅದು ನಿಲ್ಲುವುದಿಲ್ಲ, ನಿಲ್ಲಲೂಬಾರದು. ಕಣ್ಣಾರೆ ನೋಡದ್ದನ್ನು ನೋಡಿದೆ ಎಂದು ಬರೆಯಲು ಯಾವ ಡಾಕ್ಟರಿಗೂ ಹಕ್ಕಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಪರಿಹಾರದ ಕೇಸು ವಕೀಲರ ಆಫೀಸಿನಲ್ಲಿ ಶುರುವಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ನಿಜದಲ್ಲಿ ಅದರ ಅರ್ಧ ಭಾಗ ಮೊದಲ ದಿನವೇ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ. ನಾನು ವಕೀಲನಲ್ಲ, ನಿಮ್ಮ ಕೇಸಿನ ವಿವರಕ್ಕೆ ವಕೀಲರನ್ನೇ ಕೇಳಬೇಕು. ಆದರೆ ವಕೀಲರ ಹತ್ತಿರ ಹೋಗುವ ಮೊದಲೇ ಕೈತಪ್ಪುವ ಸಂಗತಿಗಳಿವೆ. ಅವನ್ನು ಹೇಳುವುದು ಡಾಕ್ಟರರ ಕೆಲಸ, ಮತ್ತು ನಾವು ಡಾಕ್ಟರರು ಅದನ್ನು ಸಾಕಷ್ಟು ಹೇಳುತ್ತಿಲ್ಲ.

ಊರಿನಿಂದ ದೂರ ಇರುವ ನಮಗೆ ಈ ವಿಷಯ ಇನ್ನೂ ಹತ್ತಿರದ್ದು. ಗಣೇಶ ಚತುರ್ಥಿಗೆ, ಯುಗಾದಿಗೆ, ಜಾತ್ರೆಗೆ, ಮದುವೆಗೆ ರಾತ್ರಿ ಹೊರಟು ಬೆಳಗಾಗುವುದರೊಳಗೆ ಊರು ಸೇರಬೇಕೆನ್ನುವ ಜನ ನಾವು. ಮುಂಬೈ, ಪುಣೆಯವರಿಗೆ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾರಿ. ಕರಾವಳಿಯವರಿಗೆ ಕೊಂಕಣದ ಹೆದ್ದಾರಿ. ಚೆನ್ನೈಯವರಿಗೆ ಕೃಷ್ಣಗಿರಿ, ಹೊಸೂರು. ಅಪಘಾತವಾಗುವುದು ಒಂದು ರಾಜ್ಯದಲ್ಲಿ, ಮೊದಲ ಚಿಕಿತ್ಸೆ ಇನ್ನೊಂದು ಊರಿನಲ್ಲಿ, ಮನೆ ಮೂರನೆಯ ಕಡೆ.

*ಎಂಎಲ್‌ಸಿ ಎಂದರೆ ಹೆದರಬೇಡಿ*

ಅಪಘಾತದ ಗಾಯಾಳು ಬಂದಾಗ ಆಸ್ಪತ್ರೆಯವರು ಮೆಡಿಕೋ ಲೀಗಲ್ ಕೇಸ್ ಎಂದು ದಾಖಲು ಮಾಡಿ ಪೊಲೀಸರಿಗೆ ತಿಳಿಸುತ್ತಾರೆ. ಇದೇ ಎಂಎಲ್‌ಸಿ. ಇದು ನೀವು ಯಾರ ಮೇಲೋ ಕೊಟ್ಟ ದೂರಲ್ಲ. ಇದರಿಂದ ನೀವು ಸ್ಟೇಷನ್ನಿಗೆ ಅಲೆಯಬೇಕಾದೀತು ಎಂದು ಹೆದರಿ "ಬರೆಯಬೇಡಿ ಸಾರ್" ಎಂದು ಕೇಳಿಕೊಳ್ಳುವವರು ಬಹಳ. ಸಣ್ಣ ಆಸ್ಪತ್ರೆಯವರಿಗೂ ಅದೇ ಬೇಕು, ತಲೆನೋವು ತಪ್ಪಿತು ಎಂದು ಸುಮ್ಮನಾಗುತ್ತಾರೆ. ಇಬ್ಬರೂ ಸೇರಿ ಗಾಯಾಳುವಿಗೆ ಮಾಡುವ ಅನ್ಯಾಯ ಇದು.

"ಪೊಲೀಸರು ಬರಲಿ, ಆಮೇಲೆ ಟ್ರೀಟ್‌ಮೆಂಟ್" ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಖಚಿತ ಮಾಡಿದೆ: ಸರ್ಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ. ಗಾಯಾಳುವನ್ನು ಕರೆತಂದ ದಾರಿಹೋಕರಿಗೂ ರಕ್ಷಣೆ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮಿನ ಪ್ರಕಾರ ಅವರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ. ಆಸ್ಪತ್ರೆಯವರು ಅವರನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ನೀವೇ ಯಾರನ್ನಾದರೂ ಎತ್ತಿಕೊಂಡು ಹೋಗುವ ಸಂದರ್ಭ ಬಂದರೂ ಇದು ನೆನಪಿರಲಿ.

ಆ ಮೊದಲ ಚೀಟಿಯಲ್ಲಿ "ಹೇಗಾಯಿತು" ಎಂಬ ಒಂದು ಸಾಲು ಇರುತ್ತದಲ್ಲ, ಅದಕ್ಕೇ ಬೆಲೆ. ಎಷ್ಟು ಹೊತ್ತಿಗೆ, ಎಲ್ಲಿ, ನೀವು ಕಾರಿನಲ್ಲಿದ್ದಿರೋ ಬೈಕಿನಲ್ಲೋ, ಯಾವ ವಾಹನ ಯಾವ ಕಡೆಯಿಂದ ಹೊಡೆಯಿತು, ನಂಬರ್ ಗೊತ್ತಿದ್ದರೆ ನಂಬರ್. ಇಲ್ಲಿ ನಮ್ಮವರಿಗೆ ಭಾಷೆಯ ತೊಡಕೂ ಇದೆ. ಊರಿನಿಂದ ಬಂದ ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಎದುರಿಗಿರುವ ಡ್ಯೂಟಿ ಡಾಕ್ಟರ್ ಮರಾಠಿಯವರೋ ತಮಿಳಿನವರೋ ಆಗಿರುತ್ತಾರೆ. ಅಮ್ಮ ಕೈಸನ್ನೆ ಮಾಡಿ "ಬಿದ್ದೆ" ಎನ್ನುತ್ತಾರೆ, ಅವರು "ಬಿದ್ದದ್ದು" ಎಂದು ಬರೆದುಕೊಳ್ಳುತ್ತಾರೆ. ಲಾರಿ ಎಲ್ಲಿಗೋ ಹೋಯಿತು! ನೀವು ಜೊತೆಗಿಲ್ಲದಿದ್ದರೆ ಫೋನಿನಲ್ಲಾದರೂ ಡಾಕ್ಟರ ಜೊತೆ ಮಾತಾಡಿ. ಏನು ಬರೆದಿದ್ದಾರೆಂದು ಓದಿ ಹೇಳಲು ಕೇಳಿ. ತಪ್ಪಿದ್ದರೆ ಅಲ್ಲೇ, ಆ ಹೊತ್ತಿಗೇ ಸರಿಪಡಿಸಲು ವಿನಂತಿಸಿ. ನಾಳೆ ತಿದ್ದಿದರೆ ಅದು ತಿದ್ದುಪಡಿ ಎಂದೇ ಕಾಣುತ್ತದೆ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. "ಮದ್ಯದ ವಾಸನೆ" ಎಂದು ಚೀಟಿಯಲ್ಲಿ ಬರೆದಿದ್ದರೆ, ನೀವು ಕುಡಿದಿರದಿದ್ದರೆ, ಆಗಲೇ ರಕ್ತಪರೀಕ್ಷೆಗೆ ಕೇಳಿ. ಕುಡಿದಿದ್ದರೆ ನನ್ನ ಹತ್ತಿರ ಸಲಹೆ ಇಲ್ಲ.

*ಅಪಘಾತ ಮತ್ತು ಹೃದಯ*

ನನಗೆ ಚೆನ್ನಾಗಿ ಗೊತ್ತಿರುವ ವಿಷಯ ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಸ್ಟಿಯರಿಂಗ್ ಎದೆಗೆ ಬಡಿದಾಗ ಪಕ್ಕೆಲುಬು ಮುರಿಯುವುದು ಎಲ್ಲರಿಗೂ ಕಾಣುತ್ತದೆ. ಒಳಗಿನ ಹೃದಯಕ್ಕೂ ಪೆಟ್ಟು ಬೀಳಬಹುದು. ಹೃದಯದ ಸ್ನಾಯು ಕಂದಬಹುದು, ಬಡಿತದ ಲಯ ತಪ್ಪಬಹುದು, ಕವಾಟ ಹರಿಯಬಹುದು. ಅಪರೂಪಕ್ಕೆ ಹೃದಯದ ರಕ್ತನಾಳದ ಒಳಪದರ ಸೀಳಿ, ಮುಂದೆ ಅದು ನೇರ ಹೃದಯಾಘಾತವೇ ಆಗಬಹುದು. ಇದನ್ನು ಹಿಡಿಯಲು ದೊಡ್ಡ ಯಂತ್ರ ಬೇಡ. ಎದೆಗೆ ಜೋರಾಗಿ ಪೆಟ್ಟು ಬಿದ್ದವರಿಗೆ ಒಂದು ಇಸಿಜಿ, ಒಂದು ಟ್ರೋಪೋನಿನ್ ರಕ್ತಪರೀಕ್ಷೆ. ಎರಡೂ ಸರಿ ಇದ್ದರೆ ಹೃದಯಕ್ಕೆ ದೊಡ್ಡ ಪೆಟ್ಟಾಗಿರುವ ಸಾಧ್ಯತೆ ತೀರಾ ಕಡಿಮೆ. ಸರಿ ಇಲ್ಲದಿದ್ದರೆ ನಿಗಾ ಬೇಕು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೂ ಇಸಿಜಿ ಇರುತ್ತದೆ. ಕೇಳಿ ಮಾಡಿಸಿಕೊಳ್ಳಿ.

ನನ್ನಲ್ಲಿಗೆ ಬಂದ ಇಬ್ಬರ ವಿಷಯ ಹೇಳುತ್ತೇನೆ, ಗುರುತು ಬಿಟ್ಟು. ಇಬ್ಬರೂ ಐವತ್ತು ದಾಟಿದ ಹೋಟೆಲ್ ಉದ್ಯಮದವರು, ಇಬ್ಬರಿಗೂ ಶುಗರ್, ಇಬ್ಬರ ಕಾರಿಗೂ ಹೆದ್ದಾರಿಯಲ್ಲಿ ಲಾರಿ ಗುದ್ದಿತ್ತು. ಮೊದಲನೆಯವರಿಗೆ ದಾರಿಯ ಆಸ್ಪತ್ರೆಯಲ್ಲಿ ನೋವಿನ ಇಂಜೆಕ್ಷನ್, ಎಕ್ಸ್‌ರೇ, ಮನೆಗೆ. ಮೂರನೆಯ ದಿನ ಉಸಿರಾಟದ ತೊಂದರೆ, ಬಂದು ನೋಡಿದರೆ ಹೃದಯದ ಮುಂಭಾಗ ಕೆಲಸ ಮಾಡುತ್ತಿಲ್ಲ, ರಕ್ತನಾಳ ಸೀಳಿದೆ. ಜೀವ ಉಳಿಯಿತು. ಆದರೆ ವಿಮಾ ಕಂಪನಿಯ ವಾದ ಸುಲಭವಾಗಿತ್ತು: ಹತ್ತು ವರ್ಷದ ಶುಗರ್ ಪೇಷಂಟು, ಹೃದಯಾಘಾತ ಆಗುವವರಿಗೆ ಆಗಿದೆ. ಎರಡನೆಯವರನ್ನು ನೋಡಿದ್ದ ಒಬ್ಬ ಕಿರಿಯ ಡಾಕ್ಟರ್ ಎಡ ಹೆಗಲಿನಿಂದ ಹೊಟ್ಟೆಯವರೆಗೆ ಸೀಟ್ ಬೆಲ್ಟಿನ ಕಂದು ಗುರುತು ಇದೆ ಎಂದು ಬರೆದು, ಚಿತ್ರವನ್ನೂ ಗೀಚಿ, ಆರು ಗಂಟೆ ಬಿಟ್ಟು ಎರಡನೆಯ ಇಸಿಜಿ ತೆಗೆಸಿದ್ದರು. ಅವರ ಹೃದಯದ ತೊಂದರೆ ಅಪಘಾತದ ಜೊತೆಗೇ ಶುರುವಾದದ್ದು ಎಂದು ನಾನು ಬರೆಯಲು ಆ ಅರ್ಧ ಪುಟ ಸಾಕಾಯಿತು. ಆ ಹುಡುಗನೋ ಹುಡುಗಿಯೋ ಯಾರೆಂದು ನನಗೆ ಗೊತ್ತಿಲ್ಲ, ಅಕ್ಷರ ಮಾತ್ರ ಬಹಳ ಕೆಟ್ಟದಾಗಿತ್ತು.

ಕಾಲು ಅಥವಾ ಸೊಂಟದ ಮೂಳೆ ಮುರಿದು ಮಲಗಿದವರಲ್ಲಿ ಇನ್ನೊಂದು ಅಪಾಯ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಒಂದು ದಿನ ಶ್ವಾಸಕೋಶಕ್ಕೆ ಹಾರಿ, ಎದ್ದು ಕೂತವರು ಹಾಗೇ ಕುಸಿಯುತ್ತಾರೆ. ಒಂದು ವಾರ, ಎರಡು ವಾರ, ಇನ್ನೂ ತಡವಾಗಿಯೂ ಆಗಬಹುದು. ಮನೆಯಲ್ಲಿ ಎಲ್ಲರೂ "ಹಾರ್ಟ್ ಅಟ್ಯಾಕ್" ಎನ್ನುತ್ತಾರೆ. ಕೆಲವೊಮ್ಮೆ ಮರಣ ಪ್ರಮಾಣಪತ್ರದಲ್ಲೂ ಅದನ್ನೇ ಬರೆಯುತ್ತಾರೆ. ವೈದ್ಯಕೀಯವಾಗಿ ಅದು ಆ ಮುರಿದ ಕಾಲಿನದೇ ಮುಂದುವರಿಕೆ. ಅಪಘಾತದ ನಂತರದ ವಾರಗಳಲ್ಲಿ ಮನೆಯಲ್ಲಿ ಸಾವಾದರೆ ದುಃಖದ ನಡುವೆಯೂ ಪೋಸ್ಟ್‌ಮಾರ್ಟಂ ಬೇಡ ಎನ್ನಬೇಡಿ ಎಂದು ಹೇಳುವುದು ನನಗೂ ಕಷ್ಟ. ಆದರೆ ಸಾವಿನ ಕಾರಣ ಖಚಿತವಾಗಿ ಗೊತ್ತಾಗಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮಲಗಿರುವಾಗ ಕಾಲು ಊದಿದರೆ, ಮೀನಖಂಡ ನೋಯುತ್ತಿದ್ದರೆ, ಹಠಾತ್ತನೆ ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಿ, ಅದು ಎಲ್ಲಕ್ಕಿಂತ ಮೊದಲು.

ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರೆಗಳ ಹೆಸರು ಬರೆದ ಚೀಟಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಇವರ ತಲೆಗೆ ಸಣ್ಣ ಪೆಟ್ಟಾದರೂ ವಾರಗಳ ಮೇಲೆ ಮೆದುಳಿನ ಹೊದಿಕೆಯೊಳಗೆ ರಕ್ತ ತುಂಬಿಕೊಳ್ಳಬಹುದು. ಹೊಸದಾಗಿ ತಲೆನೋವು, ಮರೆವು, ನಡಿಗೆ ತೂರಾಡುವುದು ಕಂಡರೆ "ವಯಸ್ಸಾಯ್ತು" ಎಂದು ಬಿಡಬೇಡಿ.

"ಹಾಗಾದರೆ ಹಳೇ ಬಿಪಿ, ಶುಗರ್ ಇದ್ದದ್ದನ್ನು ಹೇಳದೇ ಇರೋಣವೇ?" ಈ ಪ್ರಶ್ನೆ ನನಗೆ ಎಷ್ಟೋ ಸಲ ಬಂದಿದೆ. ಬೇಡವೇ ಬೇಡ. ಮೊದಲನೆಯದು, ಮುಚ್ಚಿಟ್ಟರೆ ತಪ್ಪು ಚಿಕಿತ್ಸೆಯಾಗಿ ಜೀವಕ್ಕೇ ಸಂಚಕಾರ. ಎರಡನೆಯದು, ಹೇಗೂ ಅದು ಹೊರಗೆ ಬರುತ್ತದೆ, ಆಗ ನಿಮ್ಮ ನಿಜದ ಮಾತನ್ನೂ ನಂಬುವುದಿಲ್ಲ. ಕಾನೂನಿನಲ್ಲಿ ಒಂದು ಹಳೆಯ ತತ್ವ ಇದೆ. ಪೆಟ್ಟು ಕೊಟ್ಟವನು, ಪೆಟ್ಟು ತಿಂದವನ ಮೈ ಹೇಗಿತ್ತೋ ಹಾಗೇ ಒಪ್ಪಿಕೊಳ್ಳಬೇಕು, "ಗಟ್ಟಿ ಮನುಷ್ಯನಾಗಿದ್ದರೆ ಇಷ್ಟು ಆಗುತ್ತಿರಲಿಲ್ಲ" ಎಂದು ನುಣುಚಿಕೊಳ್ಳುವಂತಿಲ್ಲ. ಆದ್ದರಿಂದ ಹಳೆಯ ಕಾಯಿಲೆಯ ಕಾಗದಗಳೇ ನಿಮ್ಮ ಪರ ಸಾಕ್ಷಿಯಾಗಬಹುದು. ಅಪಘಾತಕ್ಕೆ ಎರಡು ತಿಂಗಳ ಹಿಂದೆ ತೆಗೆಸಿದ ಇಸಿಜಿ, ಎಕೋ ಸರಿ ಇತ್ತು, ದಿನಾ ವಾಕಿಂಗ್ ಹೋಗುತ್ತಿದ್ದರು, ಅಪಘಾತದ ಮೇಲೆ ಒಂದು ಮಹಡಿ ಹತ್ತಲಾರರು ಎಂದು ತೋರಿಸಲು ಸಾಧ್ಯವಾಗುವುದು ಆ ಹಳೆಯ ಫೈಲಿನಿಂದಲೇ.

ಹಾಗೆಂದು ವಾಹನದಲ್ಲಿ ಆದ ಪ್ರತಿ ಹೃದಯಾಘಾತವೂ ಅಪಘಾತ ಅಲ್ಲ. ಲಾರಿ ಕ್ಲೀನರ್ ಒಬ್ಬರು ಕೆಲಸದಲ್ಲಿದ್ದಾಗ ಹೃದಯ ನಿಂತು ತೀರಿಕೊಂಡ ಪ್ರಕರಣದಲ್ಲಿ, ಕೆಲಸದ ಒತ್ತಡಕ್ಕೂ ಸಾವಿಗೂ ಸಂಬಂಧ ತೋರಿಸಬೇಕು, ಡ್ಯೂಟಿಯಲ್ಲಿ ಸತ್ತದ್ದಷ್ಟೇ ಸಾಲದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಮನೆಯವರಿಗೆ ಕಠಿಣ ಎನಿಸಿದರೂ ಡಾಕ್ಟರಾಗಿ ನನಗೆ ಅದು ಸರಿ ಎನಿಸುತ್ತದೆ.

*ಕೇಸು ಎಲ್ಲಿ ಹಾಕಬೇಕು, ಎಷ್ಟು ದಿನದೊಳಗೆ?*

ವಲಸೆ ಬಂದ ನಮಗೆ ಇದೊಂದು ಒಳ್ಳೆಯ ಸುದ್ದಿ, ಆದರೂ ಬಹಳ ಜನರಿಗೆ ಗೊತ್ತಿಲ್ಲ. ಅಪಘಾತ ನಿಪ್ಪಾಣಿಯಲ್ಲಾದರೆ ಚಿಕ್ಕೋಡಿಗೋ ಬೆಳಗಾವಿಗೋ ಪ್ರತಿ ತಾರೀಖಿಗೆ ಓಡಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ, ಎಂಎಸಿಟಿ ಎಂದು ಜನ ಕರೆಯುವ ಪರಿಹಾರ ನ್ಯಾಯಮಂಡಳಿಯಲ್ಲಿ ಮೂರು ಕಡೆ ಅರ್ಜಿ ಹಾಕಬಹುದು: ಅಪಘಾತ ನಡೆದ ಜಾಗ, ಎದುರು ಪಾರ್ಟಿ ಇರುವ ಜಾಗ, ಅಥವಾ ನೀವು ವಾಸ ಮಾಡುವ ಇಲ್ಲವೇ ವ್ಯಾಪಾರ ಮಾಡುವ ಜಾಗ. ಠಾಣೆಯಲ್ಲಿ ಮನೆ ಇದ್ದರೆ ಠಾಣೆಯಲ್ಲೇ ಹಾಕಬಹುದು. ಕರ್ನಾಟಕದ ಎಫ್‌ಐಆರ್ ಕನ್ನಡದಲ್ಲಿರುತ್ತದೆ, ಅದನ್ನು ಅನುವಾದ ಮಾಡಿಸಬೇಕಾಗುತ್ತದೆ. ಅನುವಾದವನ್ನು ನೀವೇ ಒಮ್ಮೆ ಮೂಲದ ಜೊತೆ ಓದಿ ನೋಡಿ. ಆ ಕಚೇರಿಯಲ್ಲಿ ಕನ್ನಡ ಬರುವವರು ನೀವೊಬ್ಬರೇ ಇರಬಹುದು.

ಅವಧಿ ಆರು ತಿಂಗಳು. 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ, ಮೊದಲು ಇಂಥ ಮಿತಿ ಇರಲಿಲ್ಲ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ನನ್ನ ಮಟ್ಟಿಗೆ ಇದು ಕ್ರೂರ ನಿಯಮ. ತಲೆಗೆ ಪೆಟ್ಟಾದವರು, ಮೂರು ಸರ್ಜರಿ ಆದವರು, ಮನೆಯ ಯಜಮಾನನನ್ನು ಕಳೆದುಕೊಂಡವರು ಆರು ತಿಂಗಳಲ್ಲಿ ಸರಿಯಾಗಿ ಊಟ ಮಾಡುವ ಸ್ಥಿತಿಗೂ ಬಂದಿರುವುದಿಲ್ಲ. ಆದರೆ ಕೋರ್ಟು ಏನಾದರೂ ಹೇಳಲಿ ಎಂದು ಕಾಯಬೇಡಿ. ವರ್ಷಾಂತಿಕ ಆಗಲಿ, ಆಮೇಲೆ ನೋಡೋಣ ಎನ್ನುವ ದೊಡ್ಡವರಿಗೆ ಈ ಸಾಲನ್ನು ತೋರಿಸಿ.

ಪೊಲೀಸರಿಗೂ ಗಡುವು ಇದೆ. ಅದೇ 2022ರ ನಿಯಮಗಳ ಪ್ರಕಾರ ಮೊದಲ ವರದಿ 48 ಗಂಟೆಯಲ್ಲಿ, ಮಧ್ಯಂತರ ವರದಿ 50 ದಿನದಲ್ಲಿ, ವಿವರವಾದ ವರದಿ 90 ದಿನದಲ್ಲಿ ನ್ಯಾಯಮಂಡಳಿಗೆ ಹೋಗಬೇಕು. ತನಿಖಾಧಿಕಾರಿಯ ಹೆಸರು, ಫೋನ್ ನಂಬರ್ ಮೊದಲ ವಾರವೇ ತೆಗೆದುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳ ಪ್ರತಿ ಅವರಿಗೆ ತಲುಪಿಸಿ. ಕೊಡದೆ ಇದ್ದರೆ ವರದಿಯಲ್ಲಿ ನಿಮ್ಮ ಗಾಯವೇ ಕಾಣುವುದಿಲ್ಲ.

*ದುಡ್ಡು ಯಾರು ಕೊಡುತ್ತಾರೆ?*

ಮೊದಲು ಆಸ್ಪತ್ರೆಯ ಬಿಲ್ಲು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗುರುತಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, ಗರಿಷ್ಠ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಯಾವ ರಾಜ್ಯದವರು, ತಪ್ಪು ಯಾರದು ಎಂಬ ಪ್ರಶ್ನೆ ಇಲ್ಲ. ಬಿಲ್ ಕೌಂಟರಿನಲ್ಲಿ ಬಾಯಿ ಬಿಟ್ಟು ಕೇಳಿ. ಆದರೆ ಐಸಿಯು, ಒಂದು ಸರ್ಜರಿ ಆಗುವಷ್ಟರಲ್ಲಿ ಆ ಮೊತ್ತ ಖಾಲಿಯಾಗುತ್ತದೆ. ಇದು ಚಿಕಿತ್ಸೆಯ ದುಡ್ಡು, ನಿಮ್ಮ ನಷ್ಟದ ಪರಿಹಾರ ಅಲ್ಲ. ಇದು ಸಿಕ್ಕಿತೆಂದು ಅರ್ಜಿ ಹಾಕದೆ ಕೂರಬೇಡಿ.

ಪರಿಹಾರ ಬರುವುದು ಸಾಮಾನ್ಯವಾಗಿ ತಪ್ಪು ಮಾಡಿದ ವಾಹನದ ವಿಮಾ ಕಂಪನಿಯಿಂದ. ತಪ್ಪು ಯಾರದೆಂದು ಸಾಬೀತು ಮಾಡದೆಯೂ 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಇಲ್ಲೊಂದು ಕೊಂಡಿ ಇದೆ. ಆ ಮೊತ್ತವನ್ನು ಕಂಪನಿಯ ಇತ್ಯರ್ಥ ಪ್ರಕ್ರಿಯೆಯಲ್ಲಿ ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿ ಹಾಕಿದ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಕಂಪನಿಯ ಅಧಿಕಾರಿ ನಯವಾಗಿ ಮಾತಾಡುತ್ತಾ ಫಾರ್ಮ್ ಮುಂದಿಟ್ಟಾಗ ಸಹಿ ಮಾಡುವ ಮೊದಲು ವಕೀಲರಿಗೆ ತೋರಿಸಿ.

ಗುದ್ದಿದ ವಾಹನ ಸಿಗದಿದ್ದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ. ಇದರ ಅರ್ಜಿ ಮಾತ್ರ ಅಪಘಾತವಾದ ತಾಲ್ಲೂಕು ಅಥವಾ ಉಪವಿಭಾಗದ ಅಧಿಕಾರಿಗೇ ಕೊಡಬೇಕು.

ನಮ್ಮದೇ ಕಾರು, ನಮ್ಮವರೇ ಓಡಿಸುತ್ತಿದ್ದರು, ನಿದ್ದೆಯ ಮಂಪರಿನಲ್ಲಿ ಡಿವೈಡರಿಗೆ ಹೊಡೆಯಿತು, ಆಗ? ರಾತ್ರಿ ಪ್ರಯಾಣದ ನಮ್ಮ ಅಭ್ಯಾಸದಲ್ಲಿ ಇದು ಅಪರೂಪವೇನಲ್ಲ. ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಒಳಗೆ ಕುಳಿತ ಅತ್ತಿಗೆ, ಅಜ್ಜಿ, ಮಕ್ಕಳಿಗೆ ಆ ವಿಮೆ ಅನ್ವಯಿಸುವುದಿಲ್ಲ. ಸಮಗ್ರ ಪಾಲಿಸಿ ಇದ್ದರೆ ಅನ್ವಯಿಸುತ್ತದೆ. ಮಾಲೀಕರೇ ಓಡಿಸುತ್ತಿದ್ದರೆ ಅವರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆ ಇರುತ್ತದೆ, ಅದೂ ಕೊಂಡಿದ್ದರೆ ಮಾತ್ರ. ಕಾರು ಹಳೆಯದಾಯಿತೆಂದು ಮೂರು ನಾಲ್ಕು ಸಾವಿರ ಉಳಿಸಲು ಪಾಲಿಸಿ ಇಳಿಸುವವರು ಹಬ್ಬಕ್ಕೆ ಎಷ್ಟು ಜನರನ್ನು ಕೂರಿಸಿಕೊಂಡು ಹೋಗುತ್ತೀರಿ ಎಂದು ಒಮ್ಮೆ ಎಣಿಸಿ.

ಎಲ್ಐಸಿ ದುಡ್ಡು ಬಂದಿದ್ದರೆ ಪರಿಹಾರದಲ್ಲಿ ಕಳೆಯುತ್ತಾರೆಯೇ? ಇಲ್ಲ. 1998ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮೆಡಿಕ್ಲೇಮ್ ಹಣವನ್ನೂ ಕಳೆಯುವಂತಿಲ್ಲ ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರಲ್ಲಿ ತೀರ್ಪು ಕೊಟ್ಟಿದೆ, ಮಹಾರಾಷ್ಟ್ರದಲ್ಲಿರುವವರಿಗೆ ಇದು ಉಪಯೋಗ. ಬಿಲ್ಲುಗಳ ಮೂಲಪ್ರತಿ ಮೆಡಿಕ್ಲೇಮ್ ಕಂಪನಿಗೆ ಕೊಡುವ ಮೊದಲು ಆಸ್ಪತ್ರೆಯ ಸೀಲು ಹಾಕಿಸಿದ ಇನ್ನೊಂದು ಸೆಟ್ ಇಟ್ಟುಕೊಳ್ಳಿ.

*ಶೇಕಡಾ ಎಷ್ಟು ಅಂಗವೈಕಲ್ಯ?*

ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಪ್ರಶ್ನೆ ಇದು, ಕೇಳುವವರ ಮೇಲಲ್ಲ, ಉತ್ತರಿಸುವ ನಮ್ಮವರ ಮೇಲೆ. ಡಾಕ್ಟರ್ ಒಂದು ಸರ್ಟಿಫಿಕೇಟಿನಲ್ಲಿ "ಶೇ. 30" ಎಂದು ಗೀಚಿ ಕೊಡುತ್ತಾರೆ. ಯಾವುದರ ಮೂವತ್ತು? ಆ ಕೈಯದೋ, ಇಡೀ ದೇಹದ್ದೋ, ದುಡಿಯುವ ಶಕ್ತಿಯದೋ? ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಮೂರೂ ಬೇರೆ ಬೇರೆ ಎಂದು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವರು ಡ್ರೈವರ್ ಅಥವಾ ಬಡಗಿಯಾದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಪೂರ್ತಿ, ಸರ್ಕಾರಿ ಗುಮಾಸ್ತರಾದರೆ ಕೆಲಸವೇ ಹೋಗದಿರಬಹುದು ಎಂಬುದು ಅಲ್ಲಿಯದೇ ಉದಾಹರಣೆ.

ನಮ್ಮ ಹೋಟೆಲಿನ ಲೆಕ್ಕದಲ್ಲಿ ನೋಡೋಣ. ದೋಸೆ ಹುಯ್ಯುವ ಭಟ್ಟರಿಗೆ 42 ವರ್ಷ, ತಿಂಗಳಿಗೆ 30,000 ರೂಪಾಯಿ. ಬಲ ಮಣಿಕಟ್ಟು ಪುಡಿಯಾಗಿ ಕೂಡಿಕೊಂಡಿದೆ, ತಿರುಗುವುದಿಲ್ಲ. ವರ್ಷಕ್ಕೆ 3,60,000. 2017ರ ಪ್ರಣಯ್ ಸೇಠಿ ತೀರ್ಪಿನಂತೆ, ಕಾಯಂ ನೌಕರಿ ಇಲ್ಲದ ಈ ವಯಸ್ಸಿನವರಿಗೆ ಮುಂದಿನ ಏಳಿಗೆಗೆ ಶೇ. 25 ಸೇರಿಸಿದರೆ 4,50,000. 41ರಿಂದ 45 ವಯಸ್ಸಿಗೆ ಗುಣಕ 14, ಅಂದರೆ 63 ಲಕ್ಷ. ಸರ್ಟಿಫಿಕೇಟಿನಲ್ಲಿ ಇಡೀ ದೇಹಕ್ಕೆ ಶೇ. 15 ಎಂದಷ್ಟೇ ಇದ್ದು ನ್ಯಾಯಮಂಡಳಿ ಅದನ್ನೇ ಹಿಡಿದರೆ ದುಡಿಮೆಯ ನಷ್ಟ 9,45,000 ರೂಪಾಯಿ. ಭಟ್ಟರು ಇನ್ನು ಸೌಟು ಹಿಡಿಯಲಾರರು, ಬೇರೆ ಕೆಲಸ ಗೊತ್ತಿಲ್ಲ, ದುಡಿಮೆಯ ನಷ್ಟ ಶೇ. 60 ಎಂದು ಸಾಕ್ಷ್ಯದಿಂದ ತೋರಿದರೆ 37,80,000. ಮುರಿತ ಒಂದೇ, ಎಕ್ಸ್‌ರೇ ಒಂದೇ. ವ್ಯತ್ಯಾಸ 28 ಲಕ್ಷಕ್ಕೂ ಹೆಚ್ಚು.

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ "ಪರ್ಸೆಂಟೇಜ್ ಸ್ವಲ್ಪ ಜಾಸ್ತಿ ಹಾಕಿ ಸಾರ್" ಎಂದು ಕೇಳಬೇಡಿ. ಉಬ್ಬಿಸಿದ ಅಂಕಿ ಅಡ್ಡಸವಾಲಿನಲ್ಲಿ ಐದು ನಿಮಿಷವೂ ಉಳಿಯುವುದಿಲ್ಲ. "ನಾನು ಮಾಡುವ ಕೆಲಸ ಇಂಥದ್ದು, ಇದರಲ್ಲಿ ಏನೇನು ಮಾಡಲಾಗುವುದಿಲ್ಲ ಎಂಬುದನ್ನು ಬರೆಯಿರಿ" ಎಂದು ಕೇಳಿ. ನಾನು ಹೃದಯದ ರೋಗಿಗಳಿಗೆ ಪಂಪಿಂಗ್ ಶೇಕಡಾ ಬರೆದು ಬಿಡುವುದಿಲ್ಲ. ಎಷ್ಟು ಮೆಟ್ಟಿಲು ಹತ್ತಬಲ್ಲರು, ಎಷ್ಟು ತೂಕ ಎತ್ತಬಲ್ಲರು, ಒಲೆಯ ಬಿಸಿಯಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲರು ಎಂದು ಬರೆಯುತ್ತೇನೆ. ಅದಕ್ಕೆ ಹತ್ತು ನಿಮಿಷ ಹೆಚ್ಚು ಬೇಕು, ಅಷ್ಟೇ.

ಸರ್ಟಿಫಿಕೇಟ್ ಕೊಟ್ಟ ಮೇಲೆ ಸಾಕ್ಷಿ ಹೇಳಲು ಬರುವುದಿಲ್ಲ ಎನ್ನುವ ಡಾಕ್ಟರರು ನಮ್ಮಲ್ಲಿ ಬಹಳ. ದಿನವಿಡೀ ಕಾಯಿಸುತ್ತಾರೆ, ಓಪಿಡಿ ಹಾಳು ಎಂಬ ಅವರ ಗೊಣಗಾಟದಲ್ಲಿ ಸತ್ಯ ಇದೆ. ಅದೇ 2010ರ ತೀರ್ಪು ಇದಕ್ಕೂ ದಾರಿ ತೋರಿಸಿದೆ: ಡಾಕ್ಟರ ಅನುಕೂಲದ ಸಮಯ ನೋಡಿ ಕಮಿಷನ್ ಮೂಲಕ ಸಾಕ್ಷ್ಯ ದಾಖಲಿಸಬಹುದು, ಕೋರ್ಟಿಗೆ ಬಂದರೆ ಕಾಯಿಸದೆ ಮುಗಿಸಬೇಕು. ನಿಮ್ಮ ವಕೀಲರು ಇದನ್ನು ಕೇಳಿಕೊಳ್ಳಲಿ. ಇಷ್ಟಾದ ಮೇಲೂ ಬರಲಾರೆ ಎನ್ನುವ ಡಾಕ್ಟರ್ ಆ ರೋಗಿಯ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಂತೆ ಎಂದೇ ನಾನು ಹೇಳುತ್ತೇನೆ. ನಮ್ಮ ವೃತ್ತಿಯ ಗೆಳೆಯರಿಗೆ ಈ ಮಾತು ರುಚಿಸದಿರಬಹುದು, ಅವರಿಗೂ ಇದನ್ನು ಫಾರ್ವರ್ಡ್ ಮಾಡಿ.

ಮನೆ ನೋಡಿಕೊಳ್ಳುವ ಹೆಂಗಸಿಗೆ ಸಂಬಳ ಇಲ್ಲ, ಆದ್ದರಿಂದ ಪರಿಹಾರ ಇಲ್ಲ ಎಂದು ತಿಳಿಯಬೇಡಿ. ಮನೆಗೆಲಸಕ್ಕೂ ಆದಾಯದ ಲೆಕ್ಕ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೂ ಒತ್ತಿ ಹೇಳಿದೆ. ಚಕ್ಕುಲಿ, ಹೋಳಿಗೆ ಮಾಡಿ ಮಾರುವ ಅತ್ತಿಗೆಗೆ ಐಟಿ ರಿಟರ್ನ್ ಇರದಿದ್ದರೂ ಯುಪಿಐ ಹಣ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತದೆ, ಅದೂ ದಾಖಲೆಯೇ.

*ರಾಜಿ, ಏಜೆಂಟರು*

ರಸ್ತೆಯ ಬದಿಯಲ್ಲೇ ಹತ್ತಿಪ್ಪತ್ತು ಸಾವಿರ ಕೈಗಿಟ್ಟು "ಕಂಪ್ಲೇಂಟ್ ಇಲ್ಲ" ಎಂದು ಬರೆಸಿಕೊಳ್ಳುವುದಕ್ಕೆ ಒಪ್ಪಬೇಡಿ. ಆ ಹೊತ್ತಿನಲ್ಲಿ ನಿಮಗೆ ಏನಾಗಿದೆ ಎಂಬುದು ನಿಮಗೇ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ. ಲೋಕ ಅದಾಲತ್ತಿನ ರಾಜಿ ಒಳ್ಳೆಯದೇ, ಬೇಗ ಮುಗಿಯುತ್ತದೆ. ಆದರೆ ಅದು ಅಂತಿಮ, ಮೇಲ್ಮನವಿ ಇಲ್ಲ. ಆದ್ದರಿಂದ ನನ್ನ ಸಲಹೆ: ಅರ್ಜಿ ಬೇಗ ಹಾಕಿ, ರಾಜಿ ತಡವಾಗಿ ಮಾಡಿಕೊಳ್ಳಿ. ಇನ್ನು ಹೆಚ್ಚಿನ ಸುಧಾರಣೆ ಇಲ್ಲ, ಮುಂದೆ ಇಂಥ ಸರ್ಜರಿ ಬೇಕಾಗಬಹುದು ಎಂದು ಡಾಕ್ಟರ್ ಬರೆದುಕೊಟ್ಟ ಮೇಲೆ ಮೊತ್ತದ ಮಾತಾಡಿ.

ಐಸಿಯು ಹೊರಗೇ ವಿಸಿಟಿಂಗ್ ಕಾರ್ಡ್ ಹಿಡಿದು ನಿಲ್ಲುವವರಿದ್ದಾರೆ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನಮಗೆ ಎಂದು ಒಪ್ಪಂದ ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ನಮ್ಮ ಭಾಷೆಯವನೇ ಎಂಬ ಕಾರಣಕ್ಕೆ ಖಾಲಿ ವಕಾಲತ್ತಿಗೆ ಸಹಿ ಹಾಕಬೇಡಿ. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಪ್ರತಿ ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ.

ಕೊನೆಯದಾಗಿ ಒಂದು ಸಣ್ಣ ವಿಷಯ, ನನ್ನ ಓಪಿಡಿಯಲ್ಲಿ ದಿನಾ ಕಾಣುವಂಥದ್ದು. ಇಸಿಜಿ ಕಾಗದ ಬಸ್ ಟಿಕೆಟ್ಟಿನಂಥ ಕಾಗದ. ಬಿಸಿಲು, ಪ್ಲಾಸ್ಟಿಕ್ ಕವರು ತಾಗಿದರೆ ವರ್ಷ ಎರಡು ವರ್ಷದಲ್ಲಿ ಗೆರೆಗಳೆಲ್ಲ ಮಾಯವಾಗಿ ಬರೀ ಗುಲಾಬಿ ಚೌಕ ಉಳಿಯುತ್ತದೆ, ಕೇಸು ಅಷ್ಟರಲ್ಲಿ ಸಾಕ್ಷ್ಯದ ಹಂತಕ್ಕೂ ಬಂದಿರುವುದಿಲ್ಲ. ತೆಗೆಸಿದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಮನೆಯ ಇನ್ನೊಬ್ಬರ ಫೋನಿಗೂ ಕಳುಹಿಸಿಡಿ.